ಡಾಬ್ಸನ ಕೊನೆಯ ಕೋಣೆ ಎಂಬ ಹಾಲಸ್ವಾಮಿ ಪ್ರತಾಪ

ಕಂಪ್ಯೂಟರಿನ ನಲವತ್ತೆಂಟು ಕೆಬಿ ಸ್ಮರಣಶಕ್ತಿಯೊಳಗೆ ಹದಿನಾಲ್ಕು ಲೋಕಗಳೂ ಹಿಡಿಸುತ್ತಿದ್ದ, ಹಿಡಿಸಿದ ಮೇಲೂ ಒಂದಿಷ್ಟು ಜಾಗ ಮಿಗುತ್ತಿದ್ದ ಆ ಮಹಾಯುಗವನ್ನು ಮೊದಲು ನೆನೆಯುತ್ತೇನೆ. ಟೇಪ್‌ರೆಕಾರ್ಡರಿಗೆ ಹಾಕಿದ ಕ್ಯಾಸೆಟ್ಟೆಂಬ ಅಂಗೈಯಗಲದ ಗರ್ಭದಿಂದ ಕರ್ಣಕಠೋರ ಕೀಂಕಾರದೊಡನೆ ಕಂಪ್ಯೂಟರ್ ಆಟಗಳೆಂಬ ಜಗತ್ತುಗಳು ಜನಿಸಿ, ಕರೆಂಟು ಹೋದ ಮರುಕ್ಷಣ ಹೇಳದೆ ಕೇಳದೆ ಲಯವಾಗುತ್ತಿದ್ದ ಕಾಲವದು. ಆ ಕಾಲದಲ್ಲಿ ಏಳು ಸಮುದ್ರಗಳಾಚೆ ತನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹನ್ನೊಂದು ಆಟಗಳನ್ನು ಸೃಷ್ಟಿಸಿ, ಹನ್ನೆರಡನೆಯದನ್ನು ಅರ್ಧಕ್ಕೇ ಬಿಟ್ಟು ಮರಗೆಲಸಕ್ಕೆ ಹೊರಟುಹೋದನೆಂದು ಪ್ರತೀತಿಯಿರುವ ಬಾರ್ನಬಿ ಟ್ವಿಸಲ್ ಎಂಬ ಸೃಷ್ಟಿಕರ್ತನಿಗೆ ನಮಿಸುತ್ತೇನೆ. ಕೊನೆಯದಾಗಿ ದಾವಣಗೆರೆಯ ವೋಲ್ಟೇಜಿಗೂ ಒಂದು ನಮಸ್ಕಾರ. ಅದು ಬರುವಾಗ ಬರಲಿ. ಬಂದ ಮೇಲೆ ಆರು ನಿಮಿಷ ಅಲುಗದೆ ನಿಂತರೆ ಸಾಕು.

ಆ ನಗರದಲ್ಲಿ ನೀಲಕ್ಕ ಎಂಬ ಮಹಾತಾಳ್ಮೆಯ ಹೆಣ್ಣುಮಗಳು ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಳು. ಮೂವತ್ತೆಂಟು ವರ್ಷಗಳ ಹಿಂದೆ, ಕಾಲದ ಜೊತೆ ಹೆಜ್ಜೆ ಹಾಕಬೇಕೆಂದು ಯಾರೋ ಹೇಳಿದ ಮಾತು ಕೇಳಿ, ರಬ್ಬರ್ ಕೀಗಳ ಕರಿಯ ಪುಟ್ಟ ಕಂಪ್ಯೂಟರೊಂದನ್ನು ತರಿಸಿ, ‘ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು’ ಎಂದು ಬೋರ್ಡು ಬರೆಸಿದಳು. ಹನ್ನೊಂದು ಜನ ಹುಡುಗರು ಸೇರಿದರು. ಏನು ಕಲಿತರು ಎಂದು ಕೇಳಬಾರದು. ಟ್ವಿಸಲ್ಲನ ಹನ್ನೊಂದು ಆಟಗಳನ್ನು ಕಲಿತರು. ಟೈಪ್‌ರೈಟರುಗಳು ಗುಜರಿಗೆ ಹೋದವು, ಬೋರ್ಡಿನ ಬಣ್ಣ ಹೋಯಿತು, ಹುಡುಗರ ತಲೆಗೂದಲು ಹೋಯಿತು. ಕಂಪ್ಯೂಟರು ಮಾತ್ರ ಉಳಿಯಿತು, ಜೊತೆಗೆ ‘ಟ್ವಿಸಲ್ ಅಭಿಮಾನಿ ಬಳಗ’ ಎಂಬ ಚತುರಂಗಬಲವೂ ಉಳಿಯಿತು. ಚತುರಂಗ ಎಂದು ಸುಮ್ಮನೆ ಹೇಳಲಿಲ್ಲ. ಈಗ ಸದಸ್ಯರಿರುವುದೇ ನಾಲ್ಕು ಜನ, ಬೀಗದ ಕೈ ಇರುವ ನೀಲಕ್ಕನೂ ಸೇರಿ.

ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಎರಡನೇ ಭಾನುವಾರ, ಬಳಗವು ಟ್ವಿಸಲ್ ಜಯಂತಿಯನ್ನು ಆಚರಿಸುತ್ತದೆ. ಆ ಮನುಷ್ಯ ಯಾವ ತಿಂಗಳು ಹುಟ್ಟಿದನೆಂಬುದು ಇವರಿಗೆ ಗೊತ್ತಿಲ್ಲ. ಮಾರ್ಚಿನಲ್ಲಿ ಎಲ್ಲರಿಗೂ ಬಿಡುವಿರುತ್ತದೆ ಎಂಬುದು ಗೊತ್ತು. ಅಂದು ಪ್ರತಿಯೊಬ್ಬನೂ ಎದ್ದುನಿಂತು ಟ್ವಿಸಲ್ಲನ ಆಟಗಳಲ್ಲಿ ತನ್ನ ಮೆಚ್ಚಿನದು ಯಾವುದೆಂದು ಸಾರಬೇಕು. ಇದಕ್ಕೊಂದು ಘೋರ ನಿಯಮವುಂಟು: ಯಾವ ಆಟದ ಕೊನೆಯ ಪರದೆಯನ್ನು ಈ ಯಂತ್ರದಲ್ಲೇ, ತನ್ನ ಕಣ್ಣಿಂದಲೇ ಕಂಡಿದ್ದಾನೋ ಆ ಆಟವನ್ನಷ್ಟೇ ಮೆಚ್ಚಿನದೆಂದು ಕರೆಯಬಹುದು. ಕಾಣದವನು ಮಂಡಕ್ಕಿ ಹಂಚಬೇಕು. ಆಟದ ಕೊನೆಯನ್ನು ಮೊಬೈಲಿನಲ್ಲಿ ಇಣುಕಿ ನೋಡುವುದು ಪಂಚಮಹಾಪಾತಕಗಳ ಸಾಲಿಗೆ ಸೇರಿಸಿದ ಆರನೆಯದು. ಹಾಗೆ ನೋಡೆವೆಂದು ನಾಲ್ವರೂ ಕಂಪ್ಯೂಟರಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ನೀಲಕ್ಕ ಆಣೆ ಮಾಡಿದ್ದು ಬೇಗ ಮನೆಗೆ ಹೋಗಲೆಂದು.

ಈ ಬಳಗಕ್ಕೆ ಅಧ್ಯಕ್ಷನಾಗಿ, ಫ್ಯಾನಿನ ನೇರ ಕೆಳಗಿನ ಬೆತ್ತದ ಕುರ್ಚಿಯನ್ನು ಮೂವತ್ತೆಂಟು ವರ್ಷಗಳಿಂದ ಅಲಂಕರಿಸಿದ್ದವನು ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುವ ಮೋಟಾರುಮರ್ದನ, ವಿಶಾಲೋದರ, ಸ್ಥೂಲಾಂಗುಲಿ ಹಾಲಸ್ವಾಮಿ. ಆ ಕುರ್ಚಿ ಅವನಿಗೆ ಬಂದದ್ದು ಒಂದೇ ಒಂದು ಸಾಹಸದಿಂದ. ಮೂವತ್ತೆರಡು ಕೋಣೆಗಳ ಮಹಲಿನಲ್ಲಿ, ಹಾರುವ ಕೆಟಲ್ಲುಗಳನ್ನೂ ಕಚ್ಚುವ ಛತ್ರಿಗಳನ್ನೂ ತಪ್ಪಿಸಿಕೊಂಡು ಅಂಚೆ ಹಂಚುವ ‘ಮಿಸ್ಟರ್ ಡಾಬ್ಸ್’ ಎಂಬ ಆಟವನ್ನು ಇಡೀ ಊರಿನಲ್ಲಿ ಮುಗಿಸಿದವನು ಅವನೊಬ್ಬನೇ. ಮುಗಿಸಿ ಹೊರಬಂದವನು, ಮೂವತ್ತೆರಡನೇ ಕೋಣೆಯಲ್ಲಿ ಏಳು ಬಣ್ಣದ ಕಾರಂಜಿಯೊಂದು ಚಿಮ್ಮಿ, ರಾಣಿಯೊಬ್ಬಳು ಡಾಬ್ಸನಿಗೆ ಪದಕ ತೊಡಿಸಿದಳೆಂದು ವರ್ಣಿಸಿದನು. ಮರುವಾರವೇ ಟೇಪ್‌ರೆಕಾರ್ಡರು ಆ ಕ್ಯಾಸೆಟ್ಟನ್ನು ನುಂಗಿ ನೂಲು ನೂಲು ಮಾಡಿತು. ಹೀಗಾಗಿ ಕಾರಂಜಿಯನ್ನು ಬೇರೆ ಯಾರೂ ಕಾಣಲಿಲ್ಲ.

ಇಲ್ಲೊಂದು ಗುಟ್ಟನ್ನು ಹೇಳಿಬಿಡುವುದು ಒಳ್ಳೆಯದು. ಹಾಲಸ್ವಾಮಿ ಆ ಕೋಣೆಯನ್ನು ಕಂಡದ್ದು ಸತ್ಯ. ಕಂಡದ್ದು ಕಾರಂಜಿಯಲ್ಲ ಎಂಬುದೂ ಸತ್ಯ. ಈ ಎರಡು ಸತ್ಯಗಳನ್ನು ಒಂದೇ ಹೊಟ್ಟೆಯಲ್ಲಿಟ್ಟುಕೊಂಡು ಮೂವತ್ತೆಂಟು ವರ್ಷ ಫ್ಯಾನಿನ ಕೆಳಗೆ ಕೂರುವುದು ಸಾಮಾನ್ಯ ತಪಸ್ಸಲ್ಲ. ಹೊಟ್ಟೆ ಅಷ್ಟು ವಿಶಾಲವಾದದ್ದೂ ಅದಕ್ಕೇ ಇರಬಹುದು.

ಅವನಿಗೆ ಹಗೆಯಾಗಿ ಹುಟ್ಟಿದವನು ಪಾಲಾಕ್ಷಪ್ಪ. ಕೋರ್ಟಿನಲ್ಲಿ ಟೈಪಿಸ್ಟನಾಗಿ ನಿವೃತ್ತನಾದ, ನಿಮಿಷಕ್ಕೆ ಎಪ್ಪತ್ತು ಪದಗಳ ಶರವರ್ಷ ಸುರಿಸಬಲ್ಲ, ಶೀಘ್ರಾಂಗುಲಿ, ಸಂಶಯಾತ್ಮ. ಅವನ ಮೆಚ್ಚಿನದು ‘ಟರ್ನಿಪ್ ಮೂನ್’, ಚಂದ್ರನ ಮೇಲೆ ಗಡ್ಡೆಯೊಂದು ಉರುಳಾಡುವ ಆಟ. ಅದರ ಕೊನೆಯನ್ನು ಅವನು ನೂರಾರು ಸಲ ಕಂಡಿದ್ದ, ಆದರೆ ಏನು ಮಾಡುವುದು, ಅದನ್ನು ಎಲ್ಲರೂ ಕಂಡಿದ್ದರು. ಎಲ್ಲರೂ ಕಂಡದ್ದನ್ನು ಕಂಡವನಿಗೆ ಯಾರು ಕುರ್ಚಿ ಕೊಡುತ್ತಾರೆ? ಆ ಉರಿಯಲ್ಲಿ ಬೆಂದ ಪಾಲಾಕ್ಷಪ್ಪನು ಹಳೆಯ ಸಾಮಾನುಗಳ ವ್ಯಾಪಾರಿಗಳ ಬೆನ್ನು ಬಿದ್ದು, ಕಡೆಗೂ ಈ ವರ್ಷ ‘ಮಿಸ್ಟರ್ ಡಾಬ್ಸ್’ನ ಕ್ಯಾಸೆಟ್ಟೊಂದನ್ನು ಸಂಪಾದಿಸಿ, ಜಯಂತಿಯ ಬೆಳಗ್ಗೆ ಹತ್ತು ಗಂಟೆಗೆ, ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸಭೆಗೆ ಬಂದನು.

“ಎಲೈ ಕುರ್ಚಿಪತಿಯೇ! ಮಾತಿನಲ್ಲಿ ಚಿಮ್ಮಿದ ಕಾರಂಜಿಯ ನೀರನ್ನು ಮೂವತ್ತೆಂಟು ವರ್ಷ ಕುಡಿದು ನಮ್ಮ ಗಂಟಲು ಒಣಗಿದೆ. ಇಂದು ಸೂರ್ಯನು ನೆತ್ತಿಗೇರುವ ಮುನ್ನ ಆ ಜಲಧಾರೆಯನ್ನು ಈ ಪರದೆಯ ಮೇಲೆ ಹರಿಸು, ಇಲ್ಲವೇ ಸಿಂಹಾಸನವನ್ನು ತೆರವು ಮಾಡು!” ಎಂಬ ಅರ್ಥ ಬರುವಂತೆ ಅವನು ಗರ್ಜಿಸಿದನು. ಬಾಯಲ್ಲಿ ಬಂದದ್ದು ಇಷ್ಟು: “ಲೇ ಹಾಲ, ಕ್ಯಾಸೆಟ್ ಸಿಕ್ಕೈತೆ. ಕಾರಂಜಿ ತೋರ್ಸು, ಇಲ್ಲಾಂದ್ರೆ ಎದ್ದೇಳು.”

ಹಾಲಸ್ವಾಮಿಯ ಎದೆ ಧಸಕ್ಕೆಂದಿತು. ಆದರೆ ವೀರನಾದವನು ಎದೆಯ ಸದ್ದನ್ನು ಹೊರಗೆ ಬಿಡುತ್ತಾನೆಯೇ? “ಡಾಬ್ಸನ ಮಹಲಿನ ಮೂವತ್ತೆರಡೂ ಕೋಣೆಗಳಲ್ಲಿ ನನ್ನ ಹೆಜ್ಜೆಯ ಗುರುತು ಇನ್ನೂ ಹಸಿಯಾಗಿದೆ! ಕೆಟಲ್ಲುಗಳು ನನ್ನ ಹೆಸರು ಕೇಳಿ ಇಂದಿಗೂ ಆವಿ ಬಿಡುತ್ತವೆ!” ಎಂಬ ಧಾಟಿಯಲ್ಲಿ, “ಹಾಕೋ ನೋಡೋಣ. ನಿನ್ನ ಮೂಲಂಗಿ ಆಟ ಅಂದ್ಕೊಂಡ್ಯಾ ಇದನ್ನ?” ಎಂದನು.

“ಮೂಲಂಗಿ ಅಲ್ಲ ಅದು, ಟರ್ನಿಪ್ಪು!”

“ಸಾಂಬಾರಿಗೆ ಹಾಕಿದ್ರೆ ಎರಡೂ ಒಂದೇ.”

“ಬಡಿದಾಡ್ಬ್ಯಾಡ್ರಪ್ಪಾ,” ಎಂದಳು ನೀಲಕ್ಕ. “ಹನ್ನೆರಡೂವರೆಗೆ ನಮ್ಮ ಓಣೀಲಿ ಗೃಹಪ್ರವೇಶದ ಊಟ ಐತೆ. ನಾನು ಮೊದಲ್ನೇ ಪಂಕ್ತೀಲೇ ಕೂರ್ಬೇಕು. ಅಷ್ಟ್ರೊಳಗೆ ನಿಮ್ಮ ಲೋಕ ಹುಟ್ಟಿಸಿ, ಸಾಯಿಸಿ, ಬೀಗ ಹಾಕಕ್ಕೆ ಬಿಡ್ರಿ.”

ಲೋಕವನ್ನು ಹುಟ್ಟಿಸುವ ಕರ್ಮ ನಾಲ್ಕನೆಯ ಸದಸ್ಯನಾದ, ಟೇಪ್‌ರೆಕಾರ್ಡರುಗಳ ಧನ್ವಂತರಿ, ಇನಾಯತನದು. ಅವನು ಬೆರಳಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ರೆಕಾರ್ಡರಿನ ಟೇಪು ಓದುವ ಹೆಡ್ಡನ್ನು ಎಳೆಗೂಸಿನ ಮೂಗಿನಂತೆ ಒರೆಸಿದನು. ಸೌಂಡನ್ನು ಉಗುರುಬಣ್ಣದಿಂದ ಗುರುತು ಮಾಡಿದ ಏಳೂವರೆಗೆ ತಂದನು. ಕ್ಯಾಸೆಟ್ಟಿನ ಬಾಗಿಲು ಅಲುಗದಂತೆ ಒಂದು ಬೆಂಕಿಕಡ್ಡಿ ಸಿಕ್ಕಿಸಿದನು. ಆಮೇಲೆ ಬಲಗೈ ಎತ್ತಿದನು. ಬಳಗದಲ್ಲಿ ಆ ಕೈ ಎತ್ತಿದರೆ ಶಾಸನ: ಫ್ಯಾನು ನಿಲ್ಲಬೇಕು, ಮೊಬೈಲು ಆರಬೇಕು, ಮಂಡಕ್ಕಿ ಅಗಿಯುವ ದವಡೆಗಳೂ ನಿಲ್ಲಬೇಕು. ಆಟ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಯುವ ಆರು ನಿಮಿಷ ಯಾರೂ ನಡೆಯಬಾರದು. ಕೆಮ್ಮು ಬಂದವನು ಓಡಲೂ ಬಾರದು, ಕೆಮ್ಮಲೂ ಬಾರದು. ಏನು ಮಾಡಬೇಕೆಂಬುದನ್ನು ನಿಯಮ ಹೇಳುವುದಿಲ್ಲ.

ಕೀಂ ಎಂದಿತು ರಣಶಂಖ. ಕ್ರರ್ರ್ ಎಂದಿತು ರಣಭೇರಿ. ಪರದೆಯ ಅಂಚಿನಲ್ಲಿ ಹಳದಿ ನೀಲಿ ಪಟ್ಟೆಗಳು ಹುಚ್ಚೆದ್ದು ಹರಿದವು. ಒಂದು ನಿಮಿಷ, ಎರಡು ನಿಮಿಷ, ನಾಲ್ಕು, ಐದು. ಹಾಲಸ್ವಾಮಿಯ ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯಿತು, ಒರೆಸುವಂತಿಲ್ಲ. ಐದು ನಿಮಿಷ ಐವತ್ತು ಸೆಕೆಂಡಿಗೆ, ಗೋಡೆಯಾಚೆಯ ಹಿಟ್ಟಿನ ಗಿರಣಿಯವನು, ಮೂರು ಲೋಕಗಳ ಚಿಂತೆಯಿಲ್ಲದೆ, ಯಾರದೋ ಎರಡು ಕೆಜಿ ಜೋಳಕ್ಕೆ ಮೋಟಾರು ಶುರು ಮಾಡಿದನು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು. ಲೋಕ ಸತ್ತಿತು.

“ಥೂ ಇವನ ಗಿರಣಿ ಹಾಳಾಗ!” ಎಂದನು ಪಾಲಾಕ್ಷಪ್ಪ.

“ಅಯ್ಯೋ ಪಾಪ, ಹೋಯ್ತಾ?” ಎಂದನು ಹಾಲಸ್ವಾಮಿ. ಅವನ ಮುಖದಲ್ಲಿ ದುಃಖವೆಂಬುದು ಹುಡುಕಿದರೂ ಸಿಗುವಂತಿರಲಿಲ್ಲ. “ದೇವ್ರಿಗೇ ಬ್ಯಾಡಾಗಿದೆ ಅನ್ಸುತ್ತೆ. ಬಿಡು, ಮುಂದಿನ ವರ್ಷ ನೋಡನ.”

ಆದರೆ ಇನಾಯತನು ಗಿರಣಿಗೆ ಹೋಗಿ, ಮಧ್ಯಾಹ್ನ ಎರಡರವರೆಗಿನ ಯುದ್ಧವಿರಾಮವನ್ನು ಒಂದು ಕಟ್ಟು ಬೀಡಿಗೆ ಕೊಂಡು ಬಂದನು. ಎರಡನೆಯ ಸಲ ಲೋಕ ಹುಟ್ಟಿತು. ನೀಲಿ ಟೋಪಿಯ, ಹೆಬ್ಬೆರಳುಗುರಿನಷ್ಟೇ ಎತ್ತರದ ಡಾಬ್ಸ್, ಹೆಗಲಿಗೆ ಚೀಲ ಹಾಕಿಕೊಂಡು, ಮೊದಲನೆಯ ಕೋಣೆಯಲ್ಲಿ ಕಾಲು ಕುಣಿಸುತ್ತ ನಿಂತನು. “ಅಂಗಡೀಲಿ ಗಿರಾಕಿ ಕಾಯ್ತಾವ್ನೆ, ಹೋಗಿ ಬರ್ತೀನಿ. ಕೊನೇಲಿ ಏನಿತ್ತು ಅಂತ ಹೇಳ್ರಣ್ಣಾ ಆಮೇಲೆ,” ಎಂದು ಇನಾಯತ್ ಹೊರಟನು. ಎದ್ದು ಹೋಗುವಾಗಲೂ ಅವನ ಕಣ್ಣು ಡಾಬ್ಸನ ಮೇಲೇ ಇತ್ತು.

ಹಾಲಸ್ವಾಮಿ ರಣರಂಗಕ್ಕಿಳಿದನು. ಹತ್ತು ಎಚ್‌ಪಿ ಮೋಟಾರುಗಳ ನಟ್ಟು ತಿರುಗಿಸಿ ಬೆಳೆದ ಅವನ ಬೆರಳುಗಳು ಒಂದು ಕೀ ಒತ್ತಲು ಹೋದರೆ ಮೂರನ್ನು ಒತ್ತಿದವು. ಡಾಬ್ಸ್ ಎಡಕ್ಕೂ ಬಲಕ್ಕೂ ಮೇಲಕ್ಕೂ ಒಂದೇ ಸಲ ಹೋಗಲು ಯತ್ನಿಸಿ ತಬ್ಬಿಬ್ಬಾದನು. ಒಂದೂವರೆ ನಿಮಿಷದಲ್ಲಿ, ಎರಡನೇ ಕೋಣೆಯ ಮೊದಲ ಕೆಟಲ್ಲಿಗೇ, ಆಟ ಅವನಿಗೆ ಕೊಟ್ಟಿದ್ದ ಮೂರೂ ಪ್ರಾಣಗಳು ಹಾರಿಹೋದವು.

“ಎರಡನೇ ಕೋಣೆ!” ಪಾಲಾಕ್ಷಪ್ಪ ಎದ್ದುನಿಂತು ಚಪ್ಪಾಳೆ ತಟ್ಟಿದನು. “ಮೂವತ್ತೆರಡು ನೋಡಿದೋನು ಎರಡ್ರಲ್ಲೇ ಸತ್ತ! ನೀಲಕ್ಕ, ನೋಡಿದ್ಯಾ? ಕುರ್ಚಿ ಇತ್ಲಾಗೆ ಎಳಿ.”

“ಬೆರಳು ದಪ್ಪ ಆಗ್ಯಾವೆ ಕಣೋ, ತಲೆ ಅಲ್ಲ,” ಎಂದನು ಹಾಲಸ್ವಾಮಿ. ಅಭಿಮಾನಕ್ಕೆ ಪೆಟ್ಟು ಬಿದ್ದ ಮನುಷ್ಯನಿಗೆ ತನ್ನ ಅನುಕೂಲ ಯಾವುದೆಂಬುದೇ ಮರೆತುಹೋಗುತ್ತದೆ. “ಕೆಟಲ್ಲು ಮೂರನೇ ಸಲ ಮೇಲೆ ಹೋದಾಗ ಹಾರ್ಬೇಕು. ಎರಡನೇ ಸಲ ಹಾರಿದ್ರೆ ಸಾವು. ಸುಳ್ಳಾದ್ರೆ ನೀನೇ ಒತ್ತಿ ನೋಡು.”

ಪಾಲಾಕ್ಷಪ್ಪ ಒತ್ತಿದನು. ಕೆಟಲ್ಲು ಮೂರನೇ ಸಲ ಮೇಲೆ ಹೋಯಿತು, ಡಾಬ್ಸ್ ಹಾರಿದನು, ಮೂರನೆಯ ಕೋಣೆ ತೆರೆಯಿತು.

“ಇಲ್ಲಿ ಛತ್ರಿ. ನೆಲಕ್ಕೆ ಬಂದ ತಕ್ಷಣ ಓಡು, ನಿಲ್ಲಬ್ಯಾಡ. ಹಾಂ. ಈಗ ಎಡಕ್ಕೆ.”

ನಾಲ್ಕನೆಯ ಕೋಣೆ ತೆರೆಯಿತು.

ಹೀಗೆ ಸಂಭವಿಸಿತು ನೋಡಿ ಆ ಅಪೂರ್ವ ಸಂಧಿ. ದಾರಿ ಬಲ್ಲವನಿಗೆ ಬೆರಳಿಲ್ಲ, ಬೆರಳಿದ್ದವನಿಗೆ ದಾರಿ ಗೊತ್ತಿಲ್ಲ. ಹಾಲಸ್ವಾಮಿ ಸುಳ್ಳನೆಂದು ಸಾಬೀತು ಮಾಡಬೇಕಾದರೆ ಪಾಲಾಕ್ಷಪ್ಪ ಅವನ ಮಾತು ಕೇಳಿಯೇ ಕೊನೆಯವರೆಗೆ ಹೋಗಬೇಕು; ತಾನು ಸುಳ್ಳನಲ್ಲವೆಂದು ತೋರಿಸಬೇಕಾದರೆ ಹಾಲಸ್ವಾಮಿ ತನ್ನನ್ನು ನುಂಗುವ ಕೋಣೆಗೆ ತಾನೇ ದಾರಿ ಹೇಳಬೇಕು. ಒಬ್ಬನು ರಥಿಕ, ಒಬ್ಬನು ಸಾರಥಿ, ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲು ಒಂದೇ ರಥದಲ್ಲಿ ಹೊರಟರು. ಇಂಥ ಬುದ್ಧಿವಂತಿಕೆಗೆ ಅರವತ್ತರ ಹತ್ತಿರದ ವಯಸ್ಸೇ ಬೇಕು.

ಒಂಬತ್ತನೇ ಕೋಣೆಯ ಹೊತ್ತಿಗೆ ಇಬ್ಬರ ಕುರ್ಚಿಗಳೂ ಅಂಟಿಕೊಂಡಿದ್ದವು. “ಎಡಕ್ಕೆ! ಎಡಕ್ಕಂದ್ರೆ ಎಡಕ್ಕೋ!” “ಎಡಕ್ಕೇ ಒತ್ತಿದ್ದು, ಕೀ ಹಳೇದು!” “ಕೋರ್ಟಲ್ಲಿ ಹಿಂಗೇ ಟೈಪ್ ಮಾಡ್ತಿದ್ಯಾ? ಎಷ್ಟು ಜನ ನಿರಪರಾಧಿಗಳು ಒಳಗೆ ಹೋದ್ರೋ!” ಹದಿನಾಲ್ಕನೇ ಕೋಣೆಯಲ್ಲಿ ಸತ್ತರು. ಮೊದಲಿನಿಂದ ಶುರು ಮಾಡಿದರು. ಹತ್ತೊಂಬತ್ತರಲ್ಲಿ ಸತ್ತರು. ಮತ್ತೆ ಮೊದಲಿನಿಂದ. ಟ್ವಿಸಲ್ ಮಹಾಶಯನು ಸತ್ತವರನ್ನು ಮಧ್ಯದಲ್ಲಿ ಎಬ್ಬಿಸುವ ಸೌಜನ್ಯ ಕಲಿತಿರಲಿಲ್ಲ. ಮೂರನೆಯ ಯಾತ್ರೆಯಲ್ಲಿ, ಇಪ್ಪತ್ತೊಂದನೇ ಕೋಣೆಯ ಉರುಳುವ ಚೀಸಿನ ಗಾಲಿಯೆದುರು, ಪಾಲಾಕ್ಷಪ್ಪ ಧೈರ್ಯಕ್ಕೆಂದು ಒಂದು ಮೆಣಸಿನಕಾಯಿ ಬಜ್ಜಿ ತಿಂದನು. ಎಣ್ಣೆ ಬೆರಳು ರಬ್ಬರ್ ಕೀ ಮೇಲೆ ಜಾರಿತು. ಡಾಬ್ಸ್ ಚಪ್ಪಟೆಯಾದನು.

“ಬಜ್ಜಿ ತಿಂದು ಕೈ ತೊಳಿಬೇಕು ಅಂತ ನಿಮ್ಮವ್ವ ಹೇಳ್ಕೊಟ್ಟಿರ್ಲಿಲ್ವೇನೋ!” ಹಾಲಸ್ವಾಮಿ ಗೋಳಾಡಿದನು. ಆ ಗೋಳು ನಿಜವಾದದ್ದು. ತಾನು ಗೆಲ್ಲಬಾರದೆಂಬುದನ್ನು ಅವನು ಹತ್ತನೇ ಕೋಣೆಯಲ್ಲೇ ಮರೆತಿದ್ದನು.

ನೀಲಕ್ಕ ಒದ್ದೆ ಬಟ್ಟೆ ತಂದು ಕೀಗಳನ್ನೂ, ಪಾಲಾಕ್ಷಪ್ಪನ ಬೆರಳುಗಳನ್ನೂ ಒಂದೇ ವರಸೆಯಲ್ಲಿ ಒರೆಸಿದಳು. “ಮೊದಲ್ನೇ ಪಂಕ್ತಿ ಎದ್ದೋಯ್ತು,” ಎಂದಳು. ಯಾರೂ ಕೇಳಲಿಲ್ಲ. ಅವಳೂ ಹೋಗಲಿಲ್ಲ. ಹೋದರೆ ಬೀಗ ಹಾಕಬೇಕು. ಬೀಗ ಹಾಕಿದರೆ ಇವರಿಬ್ಬರೂ ಒಳಗೇ ಉಳಿಯುತ್ತಾರೆ.

ನಾಲ್ಕನೆಯ ಯಾತ್ರೆ. ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು ದಾಟಿದವು. ಒಂದೇ ಒಂದು ಪ್ರಾಣ ಉಳಿದಿತ್ತು. ಮೂವತ್ತೊಂದನೇ ಕೋಣೆ ತೆರೆದಾಗ, ಗುಡುಗುತ್ತಿದ್ದ ಸಾರಥಿಯ ದನಿ ಥಟ್ಟನೆ ತಗ್ಗಿತು. ಹಾಲಸ್ವಾಮಿಗೆ ನೆನಪಾಗಿತ್ತು. ಈ ಕೋಣೆಯಾಚೆ ಒಂದೇ ಬಾಗಿಲು; ಬಾಗಿಲಾಚೆ ತನ್ನ ಮೂವತ್ತೆಂಟು ವರ್ಷ. ಓಣಿಯಲ್ಲಿ ಇವನನ್ನು ಅಣ್ಣಾ ಎಂದು ಕರೆಯುವವರಿದ್ದರು, ಪಂಪು ರಿಪೇರಿಗೆ ಬಂದವರಿದ್ದರು, ಆದರೆ ಬೇರೆ ಯಾರಿಗೂ ಆಗದ ಒಂದು ಕೆಲಸ ಮಾಡಿದವನೆಂದು ನಂಬಿದವರು ನೀಲಕ್ಕನ ಈ ಇನ್‌ಸ್ಟಿಟ್ಯೂಟಿನಲ್ಲಿ ಮಾತ್ರ ಇದ್ದರು.

“ಸಾಕು ಬಿಡೋ ಪಾಲಾಕ್ಷಿ,” ಎಂದನು ಮೆತ್ತಗೆ. “ಮೂವತ್ತೊಂದು ಬಂತಲ್ಲ. ಪಾಪ, ನೀಲಕ್ಕಂಗೆ ಹೊಟ್ಟೆ ಹಸಿದೈತೆ.”

“ಮೂರು ತಾಸಿಂದ ಇಲ್ಲದ ಕರುಣೆ ಈಗೇನಪ್ಪಾ?” ಎಂದಳು ನೀಲಕ್ಕ. “ಎರಡನೇ ಪಂಕ್ತೀನೂ ಆಗೋಯ್ತು. ಆಡು ಪಾಲಾಕ್ಷಿ.”

“ಹೇಳೋ, ಈಗ ಎತ್ಲಾಗೆ?” ಪಾಲಾಕ್ಷಪ್ಪನ ಕಣ್ಣು ಪರದೆಯ ಮೇಲಿತ್ತು. ಎಡಕ್ಕೊಂದು ಏಣಿ, ಬಲಕ್ಕೊಂದು ಕಪಾಟು.

“ಬಲಕ್ಕೆ,” ಎಂದನು ಹಾಲಸ್ವಾಮಿ. “ಬಲಕ್ಕೆ ಹಾರು.”

ಕಪಾಟಿನ ಹಿಂದೆ ನಾಯಿಯೊಂದಿತ್ತು. ಅದು ಹಾಲಸ್ವಾಮಿಗೆ ಮಾತ್ರ ಗೊತ್ತಿತ್ತು. ಪಾಲಾಕ್ಷಪ್ಪನ ಬೆರಳು ಕೀಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಮೂರು ತಾಸಿನಲ್ಲಿ ಈ ಮನುಷ್ಯ ಮೊದಲ ಸಲ ಕಿರುಚದೆ ದಾರಿ ಹೇಳಿದ್ದನು. ಪಾಲಾಕ್ಷಪ್ಪ ಪಕ್ಕಕ್ಕೆ ತಿರುಗಿ ಗೆಳೆಯನ ಮುಖವನ್ನೊಮ್ಮೆ ನೋಡಿದನು. ಮತ್ತೆ ಪರದೆಗೆ ತಿರುಗಿ, ಎಡಕ್ಕೆ ಹಾರಿದನು.

ದಿಕ್ಪಾಲಕರು ಉಸಿರು ಬಿಗಿಹಿಡಿದರು. ಗಿರಣಿ ಕೂಡ ಸುಮ್ಮನಿತ್ತು. ಮೂವತ್ತೆರಡನೆಯ ಕೋಣೆಯ ಬಾಗಿಲು ತೆರೆಯಿತು.

ಪರದೆಯೆಲ್ಲ ಕಪ್ಪು. ಕೆಳಗೊಂದು ಗೆರೆ, ಅದು ನೆಲ. ನೆಲದ ಮೇಲೊಂದು ಸ್ಟೂಲು. ಡಾಬ್ಸ್ ಯಾರೂ ಕೀ ಒತ್ತದೆಯೇ ತಾನಾಗಿ ನಡೆದನು. ಚೀಲ ಕೆಳಗಿಟ್ಟನು. ಸ್ಟೂಲಿನ ಮೇಲೆ ಕೂತನು. ಒಂದು ಬೂಟು ಬಿಚ್ಚಿದನು. ಇನ್ನೊಂದಕ್ಕೆ ಕೈ ಹಾಕಲಿಲ್ಲ. ಅಲ್ಲಿಗೆ ಕಂಪ್ಯೂಟರಿನ ಸ್ಮರಣಶಕ್ತಿ ಮುಗಿದಿತ್ತೋ, ಟ್ವಿಸಲ್ಲನಿಗೆ ಊಟಕ್ಕೆ ಕರೆದಿದ್ದರೋ. ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಮೂಡಿತು: ‘ಯಾವುದಾದರೂ ಕೀ ಒತ್ತಿ.’

ಬಹಳ ಹೊತ್ತು ಯಾರೂ ಒತ್ತಲಿಲ್ಲ.

“ಕಾರಂಜಿ ಎಲ್ಲೋ?” ಎಂದನು ಪಾಲಾಕ್ಷಪ್ಪ.

“ಇಲ್ಲ.”

“ರಾಣಿ?”

“ಇಲ್ಲ ಕಣೋ. ಇಷ್ಟೇ.” ಹಾಲಸ್ವಾಮಿ ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡನು. “ಹತ್ತೊಂಬತ್ತು ದಿನ ಆಡಿದ್ದೆ. ಬಿಕಾಂ ಪರೀಕ್ಷೆ ಬಿಟ್ಟು ಆಡಿದ್ದೆ. ಬಾಗ್ಲು ತೆಗೆದು ಹೊರಗೆ ಬಂದ್ರೆ ನೀವು ಹತ್ತೂ ಜನ ನಿಂತಿದ್ರಿ. ‘ಏನಿತ್ತೋ, ಏನಿತ್ತೋ’ ಅಂದ್ರಿ. ಬೂಟು ಬಿಚ್ಚಿದ ಅಂತ ಹೇಳ್ಲಾ?”

ಪಾಲಾಕ್ಷಪ್ಪನ ಜಯದ ಮುಹೂರ್ತ ಇದು. ಮೂವತ್ತೆಂಟು ವರ್ಷಗಳಿಂದ ಬತ್ತಳಿಕೆಯಲ್ಲಿ ಮಸೆದಿಟ್ಟ ವಾಗ್ಬಾಣಗಳನ್ನೆಲ್ಲ ಬಿಡಲು ಅವನು ಬಾಯಿ ತೆರೆದನು. ಗೋಡೆ ಗಡಿಯಾರ ನೋಡಿದನು. ಒಂದೂ ಐವತ್ತು. ಬಲಗೈ ಮಣಿಕಟ್ಟು ಊದಿ ಬಂದಿತ್ತು. ಅಷ್ಟರಲ್ಲಿ ಹೊರಗೆ ಇನಾಯತನ ಚಪ್ಪಲಿಯ ಸದ್ದಾಯಿತು.

ಯಾರ ಆಜ್ಞೆಯೂ ಇಲ್ಲದೆ, ಆ ಊದಿದ ಕೈಯ ಕಿರುಬೆರಳು ಹೋಗಿ ‘ಯಾವುದಾದರೂ ಕೀ’ ಒತ್ತಿತು. ಸ್ಟೂಲು ಮಾಯವಾಯಿತು. ಡಾಬ್ಸ್ ಮತ್ತೆ ಮೊದಲನೆಯ ಕೋಣೆಯಲ್ಲಿ, ಎರಡೂ ಬೂಟು ತೊಟ್ಟು, ಕಾಲು ಕುಣಿಸುತ್ತ ನಿಂತನು.

“ಮುಗೀತಾ? ನಿಜವಾಗ್ಲೂ ಮುಗೀತಾ?” ಇನಾಯತ್ ಬಾಗಿಲಲ್ಲೇ ಕೂಗಿದನು. “ಏನಿತ್ತಣ್ಣಾ ಕೊನೇಲಿ?”

ಹಾಲಸ್ವಾಮಿ ತಲೆ ತಗ್ಗಿಸಿ, ಬೆತ್ತದ ಕುರ್ಚಿಯ ಕೈಗಳನ್ನು ಹಿಡಿದು ಏಳಲು ಅಣಿಯಾದನು.

“ಅರಮನೆ,” ಎಂದನು ಪಾಲಾಕ್ಷಪ್ಪ.

“ಅರಮನೆ?”

“ಪರದೇಲಿ ಹಿಡಿಸ್ಲಿಲ್ಲ ಮಾರಾಯ. ಅಷ್ಟು ದೊಡ್ಡದು. ಇವನು ಕಾರಂಜಿ ಅಂದಿದ್ದು ಏನೂ ಅಲ್ಲ, ಕಮ್ಮೀನೇ ಹೇಳಿದ್ದ.”

ಏಳುತ್ತಿದ್ದ ಹಾಲಸ್ವಾಮಿ ಅರ್ಧಕ್ಕೇ ನಿಂತನು. ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತನು. “ಆನೆ ಹೇಳೋದು ಬಿಟ್ಟೆ ನೀನು,” ಎಂದನು.

“ಹಾಂ, ಆನೆ. ಎರಡು.”

“ನಾಲ್ಕು ಕಣೋ. ಎರಡು ಹಿಂದೆ ಇದ್ವು, ನೀನು ನೋಡ್ಲಿಲ್ಲ.”

ಇನಾಯತನ ಕಣ್ಣುಗಳು ತುಂಬಿ ಬಂದವು. ತಾನು ಇಲ್ಲದ ಹೊತ್ತಿನಲ್ಲೇ ಇದೆಲ್ಲ ಆಗಬೇಕೇ ಎಂದು ಅವನು ಹಣೆ ಚಚ್ಚಿಕೊಂಡನು. ಆಗ ಸತ್ಯವೇ ಸೀರೆಯುಟ್ಟು ಬಂದಂತಿದ್ದ ನೀಲಕ್ಕ, ಕಂಪ್ಯೂಟರಿನ ಸ್ವಿಚ್ಚು ಆರಿಸಿ, ಬೀಗದ ಕೈ ಕುಲುಕುತ್ತ, “ಸ್ಟೂಲ್ ಮೇಲೆ ಕೂತ್ಕೊಂಡು ಬೂಟು ಬಿಚ್ಚಿದ ಕಣಪ್ಪ. ಅದೂ ಒಂದೇ. ಏಳ್ರಿ ಎಲ್ಲಾ,” ಎಂದಳು.

ಇನಾಯತ್ ಅವಳತ್ತ ಕನಿಕರದಿಂದ ನೋಡಿ ನಕ್ಕನು. “ಅಕ್ಕಂಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ, ಬಿಡ್ರಣ್ಣಾ,” ಎಂದು ಗೋಡೆಯ ಕಡೆ ತಿರುಗಿ, ಯಾವ ಆಟವನ್ನು ಯಾರು ಮುಗಿಸಿದರೆಂದು ಬರೆದಿಡುವ ಬಳಗದ ಹಲಗೆಯ ಮೇಲೆ ‘ಮಿಸ್ಟರ್ ಡಾಬ್ಸ್’ನ ಮುಂದೆ ಹಾಲಸ್ವಾಮಿಯ ಹೆಸರಿನ ಕೆಳಗೆ ಪಾಲಾಕ್ಷಪ್ಪನ ಹೆಸರನ್ನೂ ಸೀಮೆಸುಣ್ಣದಲ್ಲಿ ಬರೆದನು.

ಲೋಕಗಳನ್ನು ನಡುಗಿಸಿದ ಆ ಮಹಾಸಮರವು ಹೀಗೆ ಮುಗಿಯಿತು. ಇದನ್ನು ಭಕ್ತಿಯಿಂದ ಓದಿದವರಿಗೆ, ಓದಿಸಿ ಕೇಳಿದವರಿಗೆ ಯಾವ ಫಲ ಸಿಗುತ್ತದೆಂದು ಕೇಳಿದರೆ ಹೇಳಲು ನನಗೆ ನಾಚಿಕೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ: ಬೂಟು ಒಂದು. ಅದೂ ಡಾಬ್ಸನದು.